ಚಿತ್ರಪುಸ್ತಕವನ್ನು ಮಕ್ಕಳೊಂದಿಗೆ ಓದುವುದು ಹೇಗೆ?

ಒಳ್ಳೆಯ ಚಿತ್ರಪುಸ್ತಕದಲ್ಲಿ ಅರ್ಧ ಕಥೆ ಅಕ್ಷರದಲ್ಲಿರುತ್ತದೆ, ಉಳಿದರ್ಧ ಚಿತ್ರದಲ್ಲಿರುತ್ತದೆ. ತರಗತಿಯಲ್ಲಿ ನಾವು ದೊಡ್ಡವರು ಅಕ್ಷರದ ಅರ್ಧವನ್ನು ಗಟ್ಟಿಯಾಗಿ ಓದುತ್ತೇವೆ, ಚಿತ್ರವನ್ನು ಒಂದು ಗಳಿಗೆ ಎತ್ತಿ ತೋರಿಸುತ್ತೇವೆ, ಪುಟ ಮಗುಚುತ್ತೇವೆ. 16 ಪುಟದ ಪುಸ್ತಕ ಐದೇ ನಿಮಿಷಕ್ಕೆ ಮುಗಿಯುತ್ತದೆ. ಆಮೇಲೆ ‘ಈ ಕಥೆಯ ನೀತಿ ಏನು?’ ಎಂದು ಕೇಳುತ್ತೇವೆ. ಮಕ್ಕಳು ತಮಗೆ ಗೊತ್ತಿರುವ ನೀತಿಗಳಲ್ಲಿ ಒಂದನ್ನು ಹೇಳಿ ಸುಮ್ಮನಾಗುತ್ತಾರೆ. ಚಿತ್ರದಲ್ಲಿದ್ದ ಅರ್ಧವನ್ನು ಯಾರೂ ಓದಿರುವುದಿಲ್ಲ.

ಆ ಅರ್ಧವನ್ನು ಓದುವುದರಲ್ಲಿ ಮಕ್ಕಳು ನಮಗಿಂತ ಮುಂದಿದ್ದಾರೆ. ಅಕ್ಷರ ಬಲ್ಲವರ ಕಣ್ಣು ನೇರ ಸಾಲಿನ ಮೇಲೆ ಹೋಗಿ ಕೂರುತ್ತದೆ. ಅಕ್ಷರ ಬಾರದ ಮಗುವಿನ ಕಣ್ಣು ಪುಟದ ಮೂಲೆ ಮೂಲೆಗೂ ಹೋಗುತ್ತದೆ. ಹಾಗಾಗಿ ಓದಿಸುವವರ ಮುಖ್ಯ ಕೆಲಸ ನಿಧಾನಿಸುವುದು ಮತ್ತು ಮಕ್ಕಳು ಕಂಡದ್ದನ್ನು ಕೇಳಿಸಿಕೊಳ್ಳುವುದು. ಮುಂದೆ ಹೇಳುವುದೆಲ್ಲ ಈ ಎರಡಕ್ಕೆ ಜಾಗ ಮಾಡಿಕೊಡುವ ದಾರಿಗಳು. ಶಿಕ್ಷಕರಿಗೆ, ಶಾಲೆಗೆ ಹೋಗಿ ಕಥೆ ಓದುವ ಸ್ವಯಂಸೇವಕರಿಗೆ, ಮನೆಯಲ್ಲಿ ಓದಿಹೇಳುವ ಅಪ್ಪ-ಅಮ್ಮಂದಿರಿಗೆ, ಎಲ್ಲರಿಗೂ ಇವು ಉಪಯೋಗವಾದೀತು.

ಪುಸ್ತಕ ಆರಿಸುವಾಗ

ಮೊದಲು ಬರಹದ ಭಾಗವನ್ನು ಕೈಯಿಂದ ಮುಚ್ಚಿಕೊಂಡು ಚಿತ್ರಗಳನ್ನು ಮಾತ್ರ ನೋಡುತ್ತಾ ಕೊನೆಯವರೆಗೆ ಹೋಗಿ. ಏನೋ ಒಂದು ನಡೆಯುತ್ತಿದೆ, ಯಾರಿಗೋ ಏನೋ ಬೇಕಾಗಿದೆ ಎಂಬುದು ತಿಳಿದರೆ ಪುಸ್ತಕ ಕೈಯಲ್ಲಿಟ್ಟುಕೊಳ್ಳಿ. ಬರಹ ‘ಮರದ ಮೇಲೆ ಹಕ್ಕಿ ಕೂತಿತ್ತು’ ಎಂದಾಗ ಚಿತ್ರವೂ ಮರ ಮತ್ತು ಹಕ್ಕಿಯನ್ನಷ್ಟೇ ತೋರಿಸಿ ಸುಮ್ಮನಿದ್ದರೆ, ಅದು ಓದು ಕಲಿಸಲು ಆಗಬಹುದು. ಕೂತು ಮಾತಾಡಲು ಅದರಲ್ಲಿ ಏನೂ ಇರುವುದಿಲ್ಲ.

ಅರ್ಥಪೂರ್ಣ ಪುಸ್ತಕ ಎಂದರೆ ಏನು ಎಂದು ಕೇಳಿದರೆ ನನ್ನ ಮಟ್ಟಿಗೆ ಉತ್ತರ ಇದು: ಮಗುವಿನ ಮನಸ್ಸಿನಲ್ಲಿ ಆಗಲೇ ಇರುವ ಒಂದು ಸಂಗತಿಯನ್ನು ಮುಟ್ಟುವ ಪುಸ್ತಕ. ಭಯ, ಹೊಟ್ಟೆಕಿಚ್ಚು, ಅಜ್ಜಿ ಇಲ್ಲದ ಮನೆ, ಹೊಸ ಶಾಲೆಯಲ್ಲಿ ಗೆಳೆಯರಿಲ್ಲದ ಮೊದಲ ವಾರ, ಅಪ್ಪ ಕೆಲಸಕ್ಕೆ ದೂರದ ಊರಿಗೆ ಹೋಗಿರುವುದು, ನಾಯಿಮರಿ ಸಾಕಬೇಕೆಂಬ ಹಟ. ‘ಪರಿಸರ ಉಳಿಸಿ’, ‘ಸ್ವಚ್ಛತೆ ಕಾಪಾಡಿ’ ಎಂದು ಹೇಳುವುದಕ್ಕೆಂದೇ ಹೆಣೆದ ಕಥೆಗಳನ್ನು ನಾನು ಪಕ್ಕಕ್ಕಿಡುತ್ತೇನೆ. ಆ ಮಾತುಗಳನ್ನು ಪಠ್ಯಪುಸ್ತಕ ಮತ್ತು ಪ್ರಾರ್ಥನಾ ಸಭೆಯಲ್ಲಿ ಮಕ್ಕಳು ಬೇಕಾದಷ್ಟು ಕೇಳುತ್ತಾರೆ.

ಚಿತ್ರದಲ್ಲಿ ಯಾರ ಮನೆ ಇದೆ ಎಂಬುದನ್ನೂ ನೋಡಿ. ಪುಸ್ತಕದ ಎಲ್ಲ ಮನೆಗಳಲ್ಲೂ ಸೋಫಾ, ಪ್ರತ್ಯೇಕ ಮಕ್ಕಳ ಕೋಣೆ, ಬೆಳ್ಳಗಿನ ಮುಖಗಳು, ಅಡುಗೆ ಮಾಡುವ ಅಮ್ಮ, ಪೇಪರ್ ಓದುವ ಅಪ್ಪ ಇದ್ದರೆ, ತೋಟದ ಲೈನ್ ಮನೆಯಿಂದ ಅಥವಾ ತಾಂಡಾದಿಂದ ಬರುವ ಮಗು ತನ್ನ ಮನೆ ಪುಸ್ತಕಕ್ಕೆ ಬರುವಂಥದ್ದಲ್ಲ ಎಂದುಕೊಳ್ಳುತ್ತದೆ. ವರ್ಷಕ್ಕೆ ಓದುವ ಪುಸ್ತಕಗಳಲ್ಲಿ ಶೆಡ್ಡಿನ ಮನೆ, ಒಲೆ, ಬಾಡಿಗೆ ಕೋಣೆ, ಗಾಲಿಕುರ್ಚಿಯ ಮಗು, ಬುರ್ಖಾ ತೊಟ್ಟ ಅಮ್ಮ, ಅಡುಗೆ ಮಾಡುವ ಅಪ್ಪ ಎಲ್ಲರೂ ಬರಬೇಕು. ಹಾಗೆಂದು ಊರಿನ ಕಥೆ ಮಾತ್ರ ಸಾಕು ಅನ್ನಬೇಡಿ. ಬಯಲುಸೀಮೆಯ ಮಕ್ಕಳಿಗೆ ಸಮುದ್ರದ ಪುಸ್ತಕ ಕೊಟ್ಟಾಗ ಅವರು ಕೇಳುವ ಪ್ರಶ್ನೆಗಳು ಕರಾವಳಿಯ ಮಕ್ಕಳಿಗೆ ಹೊಳೆಯುವುದಿಲ್ಲ.

ಕನ್ನಡಕ್ಕೆ ಅನುವಾದಗೊಂಡ ಪುಸ್ತಕವಾದರೆ ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ನಾಲಿಗೆ ತೊಡರುವ ವಾಕ್ಯ ಸಿಕ್ಕರೆ ಪಕ್ಕದಲ್ಲಿ ಪೆನ್ಸಿಲ್‌ನಿಂದ ನಿಮ್ಮ ವಾಕ್ಯ ಬರೆದುಕೊಳ್ಳಿ. ಮಕ್ಕಳು ಕೇಳುವುದು ನಿಮ್ಮ ಬಾಯಿಂದ ಬರುವ ಕನ್ನಡವನ್ನು.

ಗಾತ್ರವೂ ಮುಖ್ಯ. ಪುಸ್ತಕವನ್ನು ಕುರ್ಚಿಯ ಮೇಲೆ ನಿಲ್ಲಿಸಿ, ಕೊನೆಯ ಸಾಲಿನ ಮಗು ಕೂರುವ ಜಾಗಕ್ಕೆ ಹೋಗಿ ನೋಡಿ. ಅಲ್ಲಿಂದ ಪಾತ್ರದ ಮುಖಭಾವ ಕಾಣದಿದ್ದರೆ ಮಕ್ಕಳನ್ನು ಎರಡು ಗುಂಪು ಮಾಡಿಕೊಳ್ಳಬೇಕು, ಇಲ್ಲವೇ ದೊಡ್ಡ ಪರದೆ ಬೇಕು.

ಹಿಂದಿನ ದಿನದ ತಯಾರಿ

ಪುಸ್ತಕವನ್ನು ಮೂರು ಸಲ ಓದಿಕೊಳ್ಳಿ. ಒಮ್ಮೆ ಬರಹ, ಒಮ್ಮೆ ಚಿತ್ರ, ಒಮ್ಮೆ ಗಟ್ಟಿಯಾಗಿ. ಎರಡನೆಯ ಓದನ್ನು ಯಾರೂ ಬಿಡಬಾರದು.

ದೊಡ್ಡ ಹಾಳೆಯನ್ನು ಮಡಚಿ ಕತ್ತರಿಸಿ ಪುಸ್ತಕ ಕಟ್ಟುವುದರಿಂದ ಚಿತ್ರಪುಸ್ತಕಗಳು ಹೆಚ್ಚಾಗಿ 16, 24 ಅಥವಾ 32 ಪುಟಗಳಲ್ಲಿ ಬರುತ್ತವೆ. ಬರೆದವರಿಗೂ ಚಿತ್ರಿಸಿದವರಿಗೂ ಸಿಗುವುದು ಅಷ್ಟೇ ಜಾಗ. ಯಾವ ವಾಕ್ಯದ ನಂತರ ಪುಟ ಮಗುಚಬೇಕು ಎಂಬುದನ್ನು ಅವರು ಬಹಳ ಯೋಚಿಸಿರುತ್ತಾರೆ. ‘ಬಾಗಿಲು ತೆರೆದಾಗ…’ ಎಂದು ಬಲಪುಟ ಮುಗಿದರೆ, ಬಾಗಿಲ ಹಿಂದೆ ಇರುವುದು ಮುಂದಿನ ಪುಟದಲ್ಲಿ. ಆ ಜಾಗಗಳನ್ನು ಗುರುತಿಸಿಕೊಳ್ಳಿ. ಅಲ್ಲಿ ಉಸಿರು ಹಿಡಿಯಲು ಮಕ್ಕಳಿಗೆ ಒಂದು ಕ್ಷಣ ಕೊಡಬೇಕು.

ನಿಂತು ಮಾತಾಡುವ ಪುಟಗಳನ್ನು ಎರಡಕ್ಕೆ ಸೀಮಿತಗೊಳಿಸಿ. ಪುಟಪುಟಕ್ಕೂ ಪ್ರಶ್ನೆ ಕೇಳಿದರೆ ಕಥೆ ಕಿರುಪರೀಕ್ಷೆಯಾಗುತ್ತದೆ.

ಮಾತಿನ ವಿಷಯಕ್ಕೂ ತಯಾರಿ ಬೇಕು. ಪುಸ್ತಕದ ಕನ್ನಡ ಒಂದು, ಊರಿನ ಕನ್ನಡ ಇನ್ನೊಂದು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಉರ್ದು, ತೆಲುಗು ಅಥವಾ ಲಂಬಾಣಿ ಆಡುವ ಮಕ್ಕಳಿಗೆ ಮೊದಲ ವರ್ಷ ಪುಸ್ತಕದ ಕನ್ನಡ ದೂರವೇ. ನಾನು ಅನುಸರಿಸುವ ಕ್ರಮ ಹೀಗಿದೆ: ವಾಕ್ಯವನ್ನು ಇದ್ದಂತೆಯೇ ಓದುವುದು, ಅರ್ಥವಾಗದ ಕಡೆ ಆ ಊರಿನ ಮಾತಿನಲ್ಲಿ ಒಮ್ಮೆ ಹೇಳಿ ಮುಂದೆ ಹೋಗುವುದು. ಅರ್ಥ ಬಿಡಿಸಿ ಪಾಠ ಮಾಡುವುದಿಲ್ಲ. ಕೆಲವೊಮ್ಮೆ ತರಗತಿಯ ಒಂದು ಮಗುವಿಗೇ ‘ಇದನ್ನು ನಿಮ್ಮನೇಲಿ ಹೇಗೆ ಹೇಳ್ತೀರಿ?’ ಎಂದು ಕೇಳಿದರೆ ಕೆಲಸ ಇನ್ನೂ ಸುಲಭ. ಆ ಮಗುವಿನ ಮಾತಿಗೆ ತರಗತಿಯಲ್ಲಿ ಒಂದು ಸ್ಥಾನವೂ ಸಿಕ್ಕಂತಾಗುತ್ತದೆ.

ಕೂರುವುದು, ಹಿಡಿಯುವುದು

ಬೆಂಚು ಸರಿಸಿ, ಜಮಖಾನವೋ ಚಾಪೆಯೋ ಹಾಸಿ, ಅರ್ಧ ವೃತ್ತದಲ್ಲಿ ಕೂರಿಸಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರುವುದು ರೂಢಿಯೇ ಆಗಿದೆ. ಹಾಗಾಗಿ 1ರಿಂದ 3ನೇ ತರಗತಿಗಳಲ್ಲಿ ಇದಕ್ಕೆ ಹೊಸದಾಗಿ ಏನೂ ಕಲಿಸಬೇಕಿಲ್ಲ. ನೀವು ಗಿಡ್ಡ ಸ್ಟೂಲಿನ ಮೇಲೆ ಕೂತರೆ ಪುಸ್ತಕ ಮಕ್ಕಳ ಕಣ್ಣಿಗಿಂತ ತುಸು ಮೇಲೆ ಬರುತ್ತದೆ.

ಕಿಟಕಿ ನಿಮ್ಮ ಬೆನ್ನಿಗಿರಬಾರದು. ಬೆಳಕು ಹಿಂದಿನಿಂದ ಬಂದರೆ ಪುಟ ಮಕ್ಕಳಿಗೆ ಕಪ್ಪಾಗಿ ಕಾಣುತ್ತದೆ. ಬೆಳಕು ಪುಟದ ಮೇಲೆ ಬೀಳುವಂತೆ ಕೂರಿ. ಮಿರುಗುವ ಕಾಗದವಾದರೆ ಪುಸ್ತಕವನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ ಹಿಡಿಯಬೇಕು, ಇಲ್ಲದಿದ್ದರೆ ಒಂದು ಬದಿಯವರಿಗೆ ಬರೀ ಹೊಳಪು ಕಾಣುತ್ತದೆ. ಪುಸ್ತಕದ ಕೆಳ ಅಂಚಿನ ನಡುವನ್ನು ಒಂದು ಕೈಯಲ್ಲಿ ಹಿಡಿದು, ಭುಜದ ಪಕ್ಕಕ್ಕೆ ತಂದು, ಓರೆಗಣ್ಣಿನಲ್ಲಿ ಓದುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಕೊಳ್ಳಿ. ಕಣ್ಣು ಅಥವಾ ಕಿವಿ ಮಂದವಿರುವ ಮಗುವಿಗೆ ಮುಂದೆ ಜಾಗ ಕೊಡಿ, ಆದರೆ ಕಾರಣವನ್ನು ಗಟ್ಟಿಯಾಗಿ ಹೇಳಬೇಡಿ.

ಸಮಯದ ಬಗ್ಗೆ ಒಂದು ಮಾತು. ಬಿಸಿಯೂಟಕ್ಕೆ ಮುಂಚಿನ ಅರ್ಧ ಗಂಟೆ ಬೇಡ. ಅಡುಗೆಮನೆಯಿಂದ ಸಾರಿನ ವಾಸನೆ ಬರುವ ಹೊತ್ತಿಗೆ ಯಾವ ಕಥೆಯೂ ನಿಲ್ಲುವುದಿಲ್ಲ. ಬೆಳಿಗ್ಗೆ ಏನೂ ತಿನ್ನದೆ ಬಂದ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಬೆಳಗಿನ ಎರಡನೇ ಪೀರಿಯಡ್ ಅಥವಾ ಸಂಜೆ ಆಟಕ್ಕೆ ಮುಂಚೆ ಒಳ್ಳೆಯದು. ಶಾಲೆಗಳಲ್ಲಿ ತಿಂಗಳಿಗೊಮ್ಮೆ ಬರುವ, ಬ್ಯಾಗ್ ಇಲ್ಲದ ‘ಸಂಭ್ರಮ ಶನಿವಾರ’ವನ್ನೂ ಬಳಸಿಕೊಳ್ಳಬಹುದು. ಆದರೆ ತಿಂಗಳಿಗೆ ಒಮ್ಮೆ ಎಂಬುದು ಸಾಲದು, ವಾರಕ್ಕೊಮ್ಮೆಯಾದರೂ ಓದಬೇಕು. ಸಣ್ಣ ಪುಸ್ತಕಕ್ಕೂ ಅರ್ಧ ಗಂಟೆ ಇಟ್ಟುಕೊಳ್ಳಿ.

ಮುಖಪುಟ

ಶೀರ್ಷಿಕೆ ಓದಿ. ಬರೆದವರ ಹೆಸರು ಹೇಳಿ, ಚಿತ್ರ ಬರೆದವರ ಹೆಸರನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಿ. ಚಿತ್ರಗಳು ಒಬ್ಬ ಮನುಷ್ಯನ ಕೈಯಿಂದ ಬಂದದ್ದು ಎಂದು ತಿಳಿದಾಗ ಕೆಲವು ಮಕ್ಕಳ ಕಣ್ಣು ಅರಳುತ್ತದೆ. ಮುಖಪುಟವನ್ನು ತೆರೆದು ಹಿಂಬದಿಯ ರಕ್ಷಾಪುಟದೊಂದಿಗೆ ಒಟ್ಟಿಗೆ ತೋರಿಸಿ. ಎಷ್ಟೋ ಪುಸ್ತಕಗಳಲ್ಲಿ ಅದು ಒಂದೇ ಚಿತ್ರ. ಎರಡು ನಿಮಿಷದಲ್ಲಿ ಒಳಗೆ ಹೋಗಿ.

ಓದುವಾಗ

ಇಲ್ಲಿ ಒಂದು ಪುಸ್ತಕವನ್ನು ಊಹಿಸಿಕೊಳ್ಳೋಣ. ಒಬ್ಬ ಹುಡುಗಿ ತನ್ನ ಅಜ್ಜನ ಜೊತೆ ಸಂತೆಗೆ ಹೋಗುತ್ತಾಳೆ. ಜೊತೆಗೆ ಅವಳೇ ಮೇಯಿಸಿದ ಆಡು ಇದೆ. ಕೊನೆಗೆ ಬರುವ ಎರಡು ಪುಟಗಳ ಬರಹ ಇಷ್ಟೇ: ‘ಅಜ್ಜ ಆಡನ್ನು ಮಾರಿದ. ಮೊಮ್ಮಗಳಿಗೆ ಮಂಡಕ್ಕಿ, ಮಿರ್ಚಿ ಕೊಡಿಸಿದ. ಇಬ್ಬರೂ ಬಸ್ ಹತ್ತಿದರು.’ ಬರಹದಲ್ಲಿ ದುಃಖದ ಮಾತಿಲ್ಲ. ಚಿತ್ರದಲ್ಲಿ ಹುಡುಗಿ ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದಾಳೆ. ಮಿರ್ಚಿಯ ಪೊಟ್ಟಣ ತೊಡೆಯ ಮೇಲೆ ಕಟ್ಟಿದಂತೆಯೇ ಇದೆ. ಅವಳ ಮುಷ್ಟಿಯಲ್ಲಿ ಆಡಿನ ಕೊರಳ ಹಗ್ಗ ಇದೆ. ಅಜ್ಜ ಅವಳತ್ತ ನೋಡುತ್ತಿಲ್ಲ, ಎದುರಿನ ಸೀಟನ್ನು ನೋಡುತ್ತಿದ್ದಾನೆ.

ಈ ಪುಟ ಬಂದಾಗ ಏನು ಮಾಡಬೇಕು?

ಪುಟ ಮಗುಚಿ, ಏನೂ ಓದದೆ ಸುಮ್ಮನಿರಿ. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಪುಸ್ತಕವನ್ನು ಅರ್ಧ ವೃತ್ತದ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ತಿರುಗಿಸಿ. ಆಮೇಲೆ ಬರಹ ಓದಿ. ಓದಿದ ಮೇಲೆ ಮತ್ತೆ ಸುಮ್ಮನಿರಿ. ಹೊಸದಾಗಿ ಓದಿಹೇಳುವವರಿಗೆ ಈ ಮೌನ ಕಷ್ಟ. ತರಗತಿ ಸುಮ್ಮನಿದ್ದರೆ ಮಕ್ಕಳಿಗೆ ಅರ್ಥವಾಗಿಲ್ಲ ಎಂದು ಗಾಬರಿಯಾಗಿ ವಿವರಿಸಲು ಶುರುಮಾಡುತ್ತೇವೆ. ವಿವರಿಸಬೇಡಿ. ಅವರು ನೋಡುತ್ತಿದ್ದಾರೆ.

ಯಾರೋ ಒಬ್ಬರು ಹೇಳುತ್ತಾರೆ, ‘ಸರ್, ಆಕಿ ಮಿರ್ಚಿ ತಿಂದಿಲ್ರೀ.’ ನೀವು ‘ಹೌದಾ? ಎಲ್ಲಿ, ಬಂದು ತೋರ್ಸು’ ಅನ್ನಿ. ಆ ಮಗು ಬಂದು ಬೆರಳಿಡುತ್ತದೆ. ಇನ್ನೊಬ್ಬಳು ‘ಕೈಯಾಗ ಹಗ್ಗ ಐತಿ’ ಅನ್ನುತ್ತಾಳೆ. ಈಗ ‘ಹಗ್ಗ ಯಾಕೆ ಇಟ್ಟುಕೊಂಡಿದ್ದಾಳೆ?’ ಎಂದು ನೀವು ಕೇಳಬಹುದು, ಇನ್ನೂ ಒಳ್ಳೆಯದೆಂದರೆ ಅವರಲ್ಲೇ ಒಬ್ಬರು ಕೇಳುವವರೆಗೆ ಕಾಯಬಹುದು. ‘ನೆನಪಿಗೆ’ ಎಂದು ಒಬ್ಬ, ‘ಇನ್ನೊಂದು ಆಡು ತರ್ತಾರೆ, ಅದಕ್ಕೆ’ ಎಂದು ಇನ್ನೊಬ್ಬ. ದನಕರು ಇರುವ ಮನೆಯ ಹುಡುಗನೊಬ್ಬ ‘ದನ ಮಾರಿದ್ರೂ ನಮ್ಮನ್ಯಾಗ ಹಗ್ಗ ಕೊಡಂಗಿಲ್ರೀ’ ಅನ್ನಬಹುದು. ಅದು ಹಲವು ಕಡೆ ಇರುವ ರೂಢಿ, ಪೇಟೆಯಲ್ಲಿ ಬೆಳೆದ ಓದುಗರಿಗೆ ಗೊತ್ತಿರುವ ಸಂಗತಿಯಲ್ಲ. ಈಗ ಆ ಪುಟಕ್ಕೆ ಎರಡು ಅರ್ಥಗಳಿವೆ: ರೂಢಿಯಂತೆ ಹಗ್ಗ ಮನೆಗೆ ಬರುತ್ತಿದೆ, ಮತ್ತು ಹುಡುಗಿ ಅದನ್ನು ಬಿಡಲಾರದೆ ಹಿಡಿದಿದ್ದಾಳೆ. ಎರಡನ್ನೂ ಮಕ್ಕಳೇ ತಂದರು.

ಇಂಥ ಉತ್ತರಗಳಿಗೆ ‘ಗುಡ್’, ‘ಸರಿ’, ‘ತಪ್ಪು’ ಎಂದು ಗುರುತು ಹಾಕಬೇಡಿ. ಒಬ್ಬರಿಗೆ ‘ವೆರಿ ಗುಡ್’ ಅಂದ ಕೂಡಲೇ ಉಳಿದವರು ಅದೇ ಉತ್ತರವನ್ನು ಬೇರೆ ಮಾತಿನಲ್ಲಿ ಹೇಳತೊಡಗುತ್ತಾರೆ. ಮಗು ಹೇಳಿದ್ದನ್ನು ಎಲ್ಲರಿಗೂ ಕೇಳುವಂತೆ ಮತ್ತೊಮ್ಮೆ ಹೇಳಿ, ‘ಬೇರೆ ಯಾರಿಗಾದರೂ ಬೇರೆ ಅನ್ನಿಸ್ತಾ?’ ಎಂದರೆ ಸಾಕು. ಚಿತ್ರಕ್ಕೆ ಸಂಬಂಧವೇ ಇಲ್ಲದ ಮಾತು ಬಂದರೆ ಮತ್ತೆ ಅದೇ ಪ್ರಶ್ನೆ: ‘ಎಲ್ಲಿ ನೋಡಿದೆ, ತೋರ್ಸು.’ ತೋರಿಸಲು ಹೋದ ಮಗು ತಾನೇ ತಿದ್ದಿಕೊಳ್ಳುತ್ತದೆ. ಕೆಲವೊಮ್ಮೆ ನಾವೇ ನೋಡದ ಒಂದು ವಿವರ ತೋರಿಸಿಬಿಡುತ್ತದೆ.

ಮುಂದಿನ ಸಾಲಿನ ಎರಡು-ಮೂರು ಮಕ್ಕಳು ಎಲ್ಲದಕ್ಕೂ ಬಾಯಿ ಹಾಕುವುದು ಎಲ್ಲ ಶಾಲೆಯಲ್ಲೂ ಇದ್ದದ್ದೇ. ಅವರನ್ನು ಗದರಬೇಡಿ. ‘ಈ ಪುಟ ನೋಡಿ ಪಕ್ಕದವರ ಕಿವೀಲಿ ಹೇಳಿ’ ಎಂದು ಎಲ್ಲರಿಗೂ ಹೇಳಿದರೆ ಮಾತಾಡದ ಮಕ್ಕಳೂ ಬಾಯಿ ಬಿಡುತ್ತಾರೆ. ನೀವು ಆ ಹೊತ್ತಿನಲ್ಲಿ ಸುಮ್ಮನೆ ಕಿವಿಗೊಟ್ಟರೆ ಹಿಂದಿನ ಸಾಲಿನಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯುತ್ತದೆ.

ದನಿಯ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಹುಲಿಗೊಂದು ದನಿ, ಇಲಿಗೊಂದು ದನಿ ತೆಗೆದು ಅಭಿನಯಿಸಬೇಕೆಂದು ತರಬೇತಿಗಳಲ್ಲಿ ಹೇಳುತ್ತಾರೆ. ನಗೆಯ ಕಥೆಗೆ ಅದು ಚೆನ್ನ. ಆದರೆ ಮೇಲೆ ಹೇಳಿದಂಥ ಕಥೆಗೆ ಸಹಜ ದನಿ, ನಿಧಾನದ ಓದು ಸಾಕು. ನೀವು ಹೆಚ್ಚು ಅಭಿನಯಿಸಿದಷ್ಟೂ ಮಕ್ಕಳು ನಿಮ್ಮ ಮುಖ ನೋಡುತ್ತಾರೆ, ಪುಟ ನೋಡುವುದಿಲ್ಲ.

ಮುಗಿದ ಮೇಲೆ

ಓದು ಮುಗಿದ ಕೂಡಲೇ ಪ್ರಶ್ನೆ ಬೇಡ. ಕೊನೆಯ ಪುಟ ತೆರೆದೇ ಇರಲಿ.

ನೀತಿ ಕೇಳುವುದನ್ನು ಪೂರ್ತಿ ಬಿಟ್ಟುಬಿಡಿ ಎಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ನಮ್ಮಲ್ಲಿ ಮಕ್ಕಳ ಕಥೆ ಎಂದರೆ ಕೊನೆಗೊಂದು ನೀತಿ ಇರಲೇಬೇಕು ಎಂಬುದು ಎಷ್ಟು ಬೇರುಬಿಟ್ಟಿದೆಯೆಂದರೆ, ಒಂದನೇ ತರಗತಿಯ ಮಗುವೂ ಕಥೆ ಕೇಳುತ್ತಲೇ ಆ ಉತ್ತರಕ್ಕೆ ತಯಾರಾಗುತ್ತಿರುತ್ತದೆ. ‘ಪ್ರಾಣಿಗಳನ್ನು ಪ್ರೀತಿಸಬೇಕು’ ಎಂದು ಆಡಿನ ಕಥೆಯನ್ನು ಕಟ್ಟಿಹಾಕಿದರೆ ಅಜ್ಜ ಕೆಟ್ಟವನಾಗುತ್ತಾನೆ. ‘ಬಡತನದಲ್ಲಿ ತ್ಯಾಗ ಬೇಕು’ ಎಂದರೆ ಹುಡುಗಿಯ ಮುಷ್ಟಿಯಲ್ಲಿದ್ದ ಹಗ್ಗಕ್ಕೆ ಬೆಲೆಯೇ ಇಲ್ಲ. ಅಜ್ಜನಿಗೆ ಹಣ ಬೇಕಿತ್ತು, ಮೊಮ್ಮಗಳಿಗೆ ಆಡು ಬೇಕಿತ್ತು, ಇಬ್ಬರೂ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಇದು ಮಕ್ಕಳಿಗೆ ಅರ್ಥವಾಗುತ್ತದೆ. ಅವರ ಮನೆಗಳಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ.

ಹಾಗಾದರೆ ಏನು ಕೇಳುವುದು? ಇಂಗ್ಲೆಂಡಿನ ಮಕ್ಕಳ ಸಾಹಿತಿ ಏಡನ್ ಚೇಂಬರ್ಸ್ ಶಿಕ್ಷಕರಿಗಾಗಿ ರೂಪಿಸಿದ ನಾಲ್ಕು ಮೂಲ ಪ್ರಶ್ನೆಗಳು ಇಲ್ಲೂ ಚೆನ್ನಾಗಿ ಕೆಲಸ ಮಾಡುತ್ತವೆ. ನಿಮಗೆ ಇದರಲ್ಲಿ ಇಷ್ಟವಾದದ್ದು ಏನು? ಇಷ್ಟವಾಗದೇ ಇದ್ದದ್ದು ಏನು? ಗೊಂದಲ ಅನಿಸಿದ್ದು, ಗೊತ್ತಾಗದೇ ಹೋದದ್ದು ಏನು? ಮತ್ತೆ ಮತ್ತೆ ಬಂದದ್ದು, ಇನ್ನೊಂದರ ಜೊತೆ ಹೊಂದುವಂಥದ್ದು ಏನಾದರೂ ಕಂಡಿತಾ? ಈ ನಾಲ್ಕರಲ್ಲಿ ಎರಡನೆಯದು ನಮ್ಮ ತರಗತಿಗಳಿಗೆ ಬಹಳ ಬೇಕಾದದ್ದು. ‘ನನಗೆ ಈ ಕಥೆ ಇಷ್ಟ ಆಗ್ಲಿಲ್ಲ’ ಎಂದು ಶಿಕ್ಷಕರ ಎದುರು ಹೇಳಬಹುದು ಎಂಬುದೇ ಮಕ್ಕಳಿಗೆ ಹೊಸದು. ಹೇಳಿದಾಗ ಬೇಸರಿಸಿಕೊಳ್ಳದೆ ಯಾಕೆಂದು ಕೇಳಿ. ನಾಲ್ಕನ್ನೂ ಒಂದೇ ದಿನ ಕೇಳಬೇಕೆಂದಿಲ್ಲ. ಎರಡು ಸಾಕು.

ವರ್ಕ್‌ಶೀಟು, ಬಿಟ್ಟ ಸ್ಥಳ ತುಂಬಿ, ಸಾರಾಂಶ ಬರೆಯಿರಿ ಇವು ಯಾವುವೂ ಬೇಡ. ಬರೆಯಲು ಚಿತ್ರಿಸಲು ಮನಸ್ಸಿದ್ದವರಿಗೆ ಕಾಗದ, ಬಣ್ಣದ ಪೆನ್ಸಿಲ್ ಇಟ್ಟಿರಿ. ಮನಸ್ಸಿಲ್ಲದವರು ಆಟಕ್ಕೆ ಹೋಗಲಿ. ಮುಂದಿನ ವಾರ ಅದೇ ಪುಸ್ತಕವನ್ನು ಮತ್ತೊಮ್ಮೆ ಓದಿ. ಮಕ್ಕಳಿಗೆ ಕೇಳಿದ ಕಥೆ ಹಳಸುವುದಿಲ್ಲ. ಎರಡನೇ ಓದಿನಲ್ಲಿ ಸಣ್ಣವರು ಬಾಯಿಪಾಠವಾದ ಸಾಲುಗಳನ್ನು ನಿಮ್ಮೊಂದಿಗೆ ಹೇಳುತ್ತಾರೆ, ಬೆರಳು ಅಕ್ಷರದ ಮೇಲೆ ಹೋಗುತ್ತದೆ. ಓದು ಕಲಿಯುವುದು ಅಲ್ಲಿಂದಲೂ ಶುರುವಾಗುತ್ತದೆ.

ಸಾವು, ಹಸಿವು, ಜಾತಿ, ಅವಮಾನದ ಕಥೆಗಳು

ಇಂಥ ಪುಸ್ತಕಗಳನ್ನು ಓದಬೇಕೇ ಎಂದು ಶಿಕ್ಷಕರು ಕೇಳುತ್ತಾರೆ. ಓದಬೇಕು ಎಂಬುದು ನನ್ನ ನಂಬಿಕೆ. ಆದರೆ ಮೊದಲ ತಿಂಗಳಲ್ಲಿ ಬೇಡ. ಮಕ್ಕಳು ನಿಮ್ಮ ಮುಂದೆ ನಿರಾಳವಾಗಿ ಮಾತಾಡಲು ಶುರುಮಾಡಿದ ಮೇಲೆ ಓದಿ.

ತರಗತಿಯ ಹಿನ್ನೆಲೆ ಮೊದಲೇ ತಿಳಿದುಕೊಳ್ಳಿ. ನೀವು ಹೊರಗಿನಿಂದ ಬಂದವರಾದರೆ ಮುಖ್ಯ ಶಿಕ್ಷಕರನ್ನೋ ತರಗತಿ ಶಿಕ್ಷಕಿಯನ್ನೋ ಕೇಳಿ: ಇತ್ತೀಚೆಗೆ ಯಾರ ಮನೆಯಲ್ಲಾದರೂ ಸಾವಾಗಿದೆಯೇ, ಯಾರಾದರೂ ಅಪ್ಪ ಅಮ್ಮನಿಂದ ದೂರ ಇದ್ದಾರೆಯೇ? ತೀರಾ ಹೊಸ ಗಾಯವಿದ್ದರೆ ಆ ಪುಸ್ತಕವನ್ನು ಮುಂದಕ್ಕೆ ಹಾಕಿ, ಅಥವಾ ಆ ಮಗುವಿಗೆ ಮೊದಲೇ ಒಬ್ಬಂಟಿಯಾಗಿ ತೋರಿಸಿ, ‘ನಾಳೆ ಇದನ್ನು ಓದೋಣ ಅಂತಿದ್ದೀನಿ, ಓದ್ಲಾ ಪುಟ್ಟಾ?’ ಎಂದು ಕೇಳಿ. ಬೇಡ ಎಂದರೆ ಬೇಡ.

ಓದುವಾಗ ಆ ಮಗುವಿನತ್ತ ನೋಡಬೇಡಿ. ‘ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯಾ?’ ಎಂಬ ಪ್ರಶ್ನೆಯನ್ನು ಕೇಳಲೇಬೇಡಿ. ಮಾತು ಕಥೆಯ ಹುಡುಗಿಯ ಬಗ್ಗೆಯೇ ಇರಲಿ. ‘ಅವಳಿಗೆ ಈಗ ಏನನ್ನಿಸ್ತಿರಬಹುದು?’ ಎಂದರೆ, ತನ್ನ ಬಗ್ಗೆ ಹೇಳಿಕೊಳ್ಳಬೇಕಾದ ಮಗು ಕಥೆಯ ಹುಡುಗಿಯ ಮರೆಯಲ್ಲಿ ನಿಂತು ಹೇಳಿಕೊಳ್ಳಬಹುದು; ಸುಮ್ಮನಿರಬೇಕಾದವರು ಸುಮ್ಮನಿರಬಹುದು. ಯಾರಾದರೂ ಅತ್ತರೆ ತರಗತಿಯನ್ನು ನಿಲ್ಲಿಸಿ ಎಲ್ಲರೂ ನೋಡುವಂತೆ ಮಾಡದೆ, ಪಕ್ಕ ಹೋಗಿ ಕೂತು ಓದು ಮುಂದುವರಿಸಿ. ಆಮೇಲೆ ಒಬ್ಬಂಟಿಯಾಗಿ ಮಾತಾಡಿಸಿ. ಮನೆಯಲ್ಲಿ ಹೊಡೆತ, ದೌರ್ಜನ್ಯದ ಸುಳಿವು ಸಿಕ್ಕರೆ ಅದು ಕಥೆಯ ಅವಧಿಯಲ್ಲಿ ಮುಗಿಯುವ ವಿಷಯವಲ್ಲ. ಮುಖ್ಯ ಶಿಕ್ಷಕರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098 ಹಗಲಿರುಳೂ ಇರುತ್ತದೆ.

ಜಾತಿಯ ಅವಮಾನ ಬರುವ ಕಥೆಯಲ್ಲಿ ಇನ್ನೂ ಒಂದು ಎಚ್ಚರ ಬೇಕು. ಅವಮಾನಕ್ಕೊಳಗಾದ ಮಗುವಿನ ಮೇಲೆ ಕನಿಕರ ಹುಟ್ಟಿಸಿ ನಿಲ್ಲಬೇಡಿ. ಅವಮಾನ ಮಾಡಿದವರು ಹಾಗೇಕೆ ಮಾಡಿದರು ಎಂಬ ಪ್ರಶ್ನೆ ತರಗತಿಯಲ್ಲಿ ಬರಲಿ. ಕನಿಕರದ ನೋಟ ತಮ್ಮ ಮೇಲೆ ಬೀಳುವುದನ್ನು ಆ ಸಮುದಾಯದ ಮಕ್ಕಳು ಕೂಡಲೇ ಗುರುತಿಸುತ್ತಾರೆ.

ದೊಡ್ಡ ತರಗತಿಗಳಿಗೆ

ಚಿತ್ರಪುಸ್ತಕ ಚಿಕ್ಕವರಿಗೆ ಮಾತ್ರ ಎಂದು ಆರು-ಏಳನೇ ತರಗತಿಯವರು ಮೂಗು ಮುರಿಯಬಹುದು. ಅವರಿಗೆ ಬರಹವೇ ಇಲ್ಲದ ಚಿತ್ರಪುಸ್ತಕ ಕೊಟ್ಟು, ಇಬ್ಬಿಬ್ಬರಾಗಿ ಕೂತು ಮಾತು ಕೊಡಲು ಹೇಳಿ. ಒಂದೇ ಪುಸ್ತಕಕ್ಕೆ ಎರಡು ಜೋಡಿಗಳು ಬೇರೆ ಬೇರೆ ಕಥೆ ಬರೆದಾಗ ಚರ್ಚೆ ತಾನಾಗಿ ಹುಟ್ಟುತ್ತದೆ. ಓದು ಹಿಂದುಳಿದ ದೊಡ್ಡ ಮಕ್ಕಳಿಗೆ ಒಂದು ಒಳ್ಳೆಯ ಕೆಲಸವೆಂದರೆ ಒಂದನೇ ತರಗತಿಯವರಿಗೆ ಓದಿಹೇಳುವ ಜವಾಬ್ದಾರಿ. ಸುಲಭದ ಪುಸ್ತಕವನ್ನು ಮತ್ತೆ ಮತ್ತೆ ಓದಲು ಅವರಿಗೆ ಮರ್ಯಾದೆಯ ಕಾರಣ ಸಿಗುತ್ತದೆ.

ಪುಸ್ತಕಗಳು ಎಲ್ಲಿ ಸಿಗುತ್ತವೆ

1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್ ಕನ್ನಡದಲ್ಲೂ ಕಡಿಮೆ ಬೆಲೆಗೆ ಮಕ್ಕಳ ಪುಸ್ತಕ ತರುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಲ್ಲಿ ಶುರುವಾಯಿತು. ಚೆನ್ನೈನ ತೂಲಿಕಾ 1996ರಿಂದ ಹಲವು ಭಾರತೀಯ ಭಾಷೆಗಳಲ್ಲಿ ಪ್ರಕಟಿಸುತ್ತಿದೆ, ಕನ್ನಡವೂ ಅದರಲ್ಲಿದೆ. ಅವರ ಕನ್ನಡ-ಇಂಗ್ಲಿಷ್ ದ್ವಿಭಾಷಾ ಪುಸ್ತಕಗಳು ಹೊರದೇಶದ ವಾರಾಂತ್ಯದ ಕನ್ನಡ ಶಾಲೆಗಳಿಗೂ ಅನುಕೂಲ: ಕನ್ನಡ ಓದಲು ಬಾರದ ಮಗುವೂ ಚಿತ್ರದಿಂದ ಕಥೆ ಹಿಡಿದು, ಕೇಳಿದ ಕನ್ನಡವನ್ನು ಅದಕ್ಕೆ ಹೊಂದಿಸಿಕೊಳ್ಳುತ್ತದೆ.

ದುಡ್ಡಿಲ್ಲದ ಶಾಲೆಗೆ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣ ದೊಡ್ಡ ಆಸರೆ. ಅಲ್ಲಿನ ಕನ್ನಡ ಪುಸ್ತಕಗಳನ್ನು ಉಚಿತವಾಗಿ ಓದಬಹುದು, ಇಳಿಸಿಕೊಳ್ಳಬಹುದು, ಮುದ್ರಿಸಬಹುದು, ನಿಮ್ಮ ಭಾಷೆಗೆ ಅನುವಾದಿಸಲೂಬಹುದು. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇದಕ್ಕೆಲ್ಲ ಅವಕಾಶ ಕೊಡುತ್ತದೆ. ಬರೆದವರ, ಚಿತ್ರಿಸಿದವರ, ಪ್ರಕಾಶಕರ ಹೆಸರನ್ನು ಮಾತ್ರ ಉಳಿಸಬೇಕು. ಪುಸ್ತಕಗಳನ್ನು ನಾಲ್ಕು ಓದಿನ ಹಂತಗಳಲ್ಲಿ ವಿಂಗಡಿಸಿದ್ದಾರೆ. ಮಗು ತಾನೇ ಓದುವಾಗ ಆ ಹಂತ ನೋಡಿ. ನೀವು ಓದಿಹೇಳುವಾಗ ಒಂದು ಹಂತ ಮೇಲಿನದನ್ನೂ ಧೈರ್ಯವಾಗಿ ತೆಗೆದುಕೊಳ್ಳಬಹುದು, ಮಕ್ಕಳು ಓದಬಲ್ಲದ್ದಕ್ಕಿಂತ ಹೆಚ್ಚಿನದನ್ನು ಕೇಳಿ ಅರ್ಥ ಮಾಡಿಕೊಳ್ಳುತ್ತಾರೆ. ಸ್ಮಾರ್ಟ್ ಕ್ಲಾಸ್ ಟಿವಿ ಇರುವ ಶಾಲೆಯಲ್ಲಿ ಪಿಡಿಎಫ್ ಅನ್ನು ಮನೆಯಲ್ಲೇ ಇಳಿಸಿಕೊಂಡು ಹೋಗಿ, ನೆಟ್‌ವರ್ಕ್ ನಂಬಬೇಡಿ.

ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯ ಇದೆ. ಅದನ್ನೇ ಈಗ ಅರಿವು ಕೇಂದ್ರ ಅನ್ನುತ್ತಾರೆ. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ತರಗತಿಯ ಮಕ್ಕಳನ್ನೆಲ್ಲ ಒಂದು ಮಧ್ಯಾಹ್ನ ಅಲ್ಲಿಗೆ ನಡೆಸಿಕೊಂಡು ಹೋಗಿ ಸದಸ್ಯರನ್ನಾಗಿಸಿ.

ಬೀರುವಿನಿಂದ ಹೊರಗೆ

ಓದಿದ ಪುಸ್ತಕ ಅದೇ ದಿನ ಮಕ್ಕಳ ಕೈಗೆ ಸಿಗಬೇಕು. ಬೀಗ ಹಾಕಿದ ಬೀರು ಎಲ್ಲ ಪ್ರಯತ್ನವನ್ನೂ ಮುಗಿಸಿಬಿಡುತ್ತದೆ. ಹರಿದರೆ ದಾಸ್ತಾನು ವಹಿಗೆ ಯಾರು ಉತ್ತರ ಹೇಳಬೇಕು ಎಂಬ ಶಿಕ್ಷಕರ ಅಳುಕು ನಿಜವಾದದ್ದು. ಅದಕ್ಕೆ ಪರಿಹಾರ ಹೀಗೆ: ವರ್ಷದ ಮೊದಲ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೇ ವಿಷಯ ಇಟ್ಟು, ಬಳಕೆಯಿಂದ ಸವೆದ ಪುಸ್ತಕಕ್ಕೆ ಶಿಕ್ಷಕರನ್ನು ಹೊಣೆ ಮಾಡುವುದಿಲ್ಲ ಎಂದು ನಡಾವಳಿಯಲ್ಲಿ ಬರೆಸಿಕೊಳ್ಳಿ.

ಕಪಾಟು ಬೇಕೆಂದೇನೂ ಇಲ್ಲ. ಮಕ್ಕಳ ಎದೆ ಎತ್ತರಕ್ಕೆ ಗೋಡೆಯಿಂದ ಗೋಡೆಗೆ ನೈಲಾನ್ ಹಗ್ಗ ಕಟ್ಟಿ, ನಡುವೆ ಪಿನ್ ಹೊಡೆದ ತೆಳು ಪುಸ್ತಕಗಳನ್ನು ಬಿಡಿಸಿ ನೇತುಹಾಕಿ. ಮುಖಪುಟ ಕಾಣುತ್ತಿದ್ದರೆ ಮಕ್ಕಳು ಕೈ ಚಾಚುತ್ತಾರೆ. ಬೆನ್ನು ಮಾತ್ರ ಕಾಣುವಂತೆ ಜೋಡಿಸಿದ ಪುಸ್ತಕ ಅಕ್ಷರ ಬಾರದವರಿಗೆ ಇದ್ದೂ ಇಲ್ಲದಂತೆ. ಮನೆಗೆ ಒಯ್ಯುವ ಲೆಕ್ಕವನ್ನು ಮಕ್ಕಳೇ ಬರೆಯಲಿ. ಹೆಸರು ಬರೆಯಲು ಬಾರದವರು ತಮ್ಮದೊಂದು ಗುರುತು ಬಿಡಿಸಲಿ.

ರಿಪೇರಿಗೆ ತಿಂಗಳಿಗೊಂದು ಶನಿವಾರ ಇಟ್ಟುಕೊಳ್ಳಿ. ಸಾದಾ ಸೆಲ್ಲೋ ಟೇಪ್ ಬೇಡ, ಕೆಲವೇ ವರ್ಷದಲ್ಲಿ ಹಳದಿಯಾಗಿ ಕಾಗದವನ್ನೂ ಕಿತ್ತುಕೊಂಡು ಏಳುತ್ತದೆ. ಹರಿದ ಕಡೆ ತೆಳುವಾದ ಬಿಳಿ ಕಾಗದದ ಪಟ್ಟಿಯನ್ನು ಬಿಳಿ ಅಂಟಿನಿಂದ ಹಚ್ಚಿ. ಮಲೆನಾಡು, ಕರಾವಳಿಯ ಮಳೆಗೆ ಪಿನ್ನುಗಳು ತುಕ್ಕು ಹಿಡಿದು ನಡುವಿನ ಹಾಳೆಗಳು ಕಳಚುತ್ತವೆ. ಪಿನ್ನುಗಳನ್ನು ಮಳೆಗಾಲಕ್ಕೆ ಮುಂಚೆಯೇ ತೆಗೆದುಹಾಕಿ, ಮಡಿಕೆಯ ಮೇಲೆ ದಬ್ಬಳದಿಂದ ಮೂರು ತೂತು ಮಾಡಿ ದಪ್ಪ ದಾರದಲ್ಲಿ ಹೊಲಿಯಿರಿ. ನಡುತೂತಿನಿಂದ ದಾರ ಹೊರಗೆ ತೆಗೆದು, ಮೇಲಿನದರಿಂದ ಒಳಗೆ, ಕೆಳಗಿನದರಿಂದ ಹೊರಗೆ, ಮತ್ತೆ ನಡುತೂತಿನಿಂದ ಒಳಗೆ ತಂದು ಗಂಟು ಹಾಕಿದರೆ ಮುಗಿಯಿತು. ಐದನೇ ತರಗತಿಯವರು ಒಮ್ಮೆ ನೋಡಿದರೆ ಕಲಿತುಬಿಡುತ್ತಾರೆ. ದಬ್ಬಳ ಮಾತ್ರ ನಿಮ್ಮ ಕೈಯಲ್ಲಿರಲಿ.